‘ತಗೋತಾನೆ’, ‘ಕುಡೀತಾಳೆ’: ಗ್ಲಾಸಿಗೆ ಅಂಟಿದ ಗಂಡು-ಹೆಣ್ಣು

ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ಬಾರ್ ಅಂಡ್ ರೆಸ್ಟೋರೆಂಟ್. ಕೆಳಗೆ ಗಂಡಸರ ಗದ್ದಲದ ಹಾಲ್, ಪಕ್ಕದ ಮೆಟ್ಟಿಲು ಹತ್ತಿದರೆ ಎ.ಸಿ. ಹಾಕಿದ ‘ಫ್ಯಾಮಿಲಿ ಸೆಕ್ಷನ್’. ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರದ ಗೆಳೆಯ, ಬ್ಯಾಂಕಿನಲ್ಲಿ ಕೆಲಸ ಮಾಡುವ ಅವನ ಹೆಂಡತಿ, ಜೊತೆಗೆ ನಾನು. ಆರ್ಡರ್ ಕೊಟ್ಟವನು ಗೆಳೆಯನೇ. ಒಂದು ಲಾರ್ಜ್ ವಿಸ್ಕಿ, ಸೋಡಾ. ಒಂದು ಕ್ರ್ಯಾನ್‌ಬೆರಿ ಬ್ರೀಜರ್, ಅಂದರೆ ಹಣ್ಣಿನ ರುಚಿಯ ಸಿಹಿ ಮದ್ಯ. ಗಾಡಿ ಓಡಿಸಬೇಕಿದ್ದ ನನಗೆ ಲೈಮ್ ಸೋಡಾ.

ಸಪ್ಲೈಯರ್ ಹುಡುಗ ಟ್ರೇ ತಂದ. ಯಾರಿಗೆ ಯಾವುದು ಅಂತ ಕೇಳಲಿಲ್ಲ. ವಿಸ್ಕಿ ಗ್ಲಾಸನ್ನು ಗೆಳೆಯನ ಮುಂದಿಟ್ಟ, ಕೆಂಪು ಬಾಟಲಿಗೆ ಟಿಶ್ಯೂ ಸುತ್ತಿ, ಮುಚ್ಚಳ ತೆಗೆದು, ಸ್ಟ್ರಾ ಹಾಕಿ ಅವನ ಹೆಂಡತಿಯ ಮುಂದಿಟ್ಟ. ಗಂಡ ಹೆಂಡತಿ ಮಾತಿಲ್ಲದೆ ಅದಲು ಬದಲು ಮಾಡಿಕೊಂಡರು. ಇದು ಅವರಿಗೆ ಹೊಸದಲ್ಲ. ಹುಡುಗನಿಗೆ ಮಾತ್ರ ಎಲ್ಲಿ ನೋಡಬೇಕೋ ತಿಳಿಯದೆ, ‘ಸಾರಿ ಮೇಡಂ, ಸರ್‌ಗೆ ಅನ್ಕೊಂಡೆ’ ಎಂದ. ಪಕ್ಕದ ಟೇಬಲ್ಲಿನಲ್ಲಿದ್ದ ಗೆಳೆಯನ ಪರಿಚಯದವನೊಬ್ಬ ಎದ್ದು ಬಂದು ಬೆನ್ನು ತಟ್ಟಿದ: ‘ಏನಲೇ, ಸ್ಟ್ರಾ ಹಾಕ್ಕೊಂಡು ಜ್ಯೂಸ್ ಕುಡಿಯಾಕತ್ತೀಯಲ್ಲ?’ ಕೊನೆಗೆ ಬಿಲ್ ಬಂತು, ಗೆಳೆಯನ ಮುಂದೆ. ಕಾರ್ಡ್ ಕೊಟ್ಟದ್ದು ಹೆಂಡತಿ. ಹುಡುಗ ಪಿನ್ ಒತ್ತಲು ಮಷಿನ್ ಹಿಡಿದದ್ದು ಗಂಡನಿಗೆ.

ಆ ಹುಡುಗನನ್ನು ಬೈದು ಉಪಯೋಗವಿಲ್ಲ. ದಿನಕ್ಕೆ ನೂರು ಟೇಬಲ್ ನೋಡುವವನ ಲೆಕ್ಕಾಚಾರ ತೊಂಬತ್ತೊಂಬತ್ತು ಸಲ ಸರಿಯಿರುತ್ತದೆ. ನನ್ನ ಕುತೂಹಲ ಬೇರೆ. ವಿಸ್ಕಿ ಗಂಡಸು, ಬ್ರೀಜರ್ ಹೆಂಗಸು ಎಂಬ ಲಿಂಗನಿರ್ಣಯ ಯಾವ ಆಧಾರದ ಮೇಲೆ ನಡೆದಿದೆ?

ಕೇಳಿದರೆ ಬರುವ ಉತ್ತರ ‘ಸ್ಟ್ರಾಂಗು, ಲೈಟು’ ಅಂತ. ಗಂಡಸರದು ಸ್ಟ್ರಾಂಗ್, ಹೆಂಗಸರದು ಲೈಟ್. ಇದನ್ನು ಲೆಕ್ಕ ಹಾಕಿಯೇ ನೋಡೋಣ, ಮಂಡಕ್ಕಿ ಪೊಟ್ಟಣದ ಕಾಗದದ ಮೇಲೆ ಮುಗಿಯುವಷ್ಟು ಸಣ್ಣ ಲೆಕ್ಕ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್. 30 ಎಂ.ಎಲ್.ನ ಒಂದು ಸ್ಮಾಲ್ ಪೆಗ್ಗಿನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 12.8 ಎಂ.ಎಲ್. ಆ ‘ಲೇಡೀಸ್’ ಬಾಟಲಿ 275 ಎಂ.ಎಲ್., ಅದರಲ್ಲಿ ಶೇ 4.8. ಗುಣಿಸಿದರೆ 13.2 ಎಂ.ಎಲ್. ಅಂದರೆ ಸ್ಟ್ರಾ ಹಾಕಿದ ಒಂದು ಕೆಂಪು ಬಾಟಲಿ, ಮೀಸೆ ತಿರುವಿ ಎತ್ತುವ ಒಂದು ಸ್ಮಾಲಿಗೆ ಕೂದಲೆಳೆಯಷ್ಟು ಹೆಚ್ಚೇ ಹೊರತು ಕಡಿಮೆಯಿಲ್ಲ. ಇನ್ನು ವೈನು. ಶೇ 13ರ ವೈನನ್ನು 150 ಎಂ.ಎಲ್. ಸುರಿದರೆ 19.5, ಹತ್ತಿರ ಹತ್ತಿರ ಒಂದೂವರೆ ಪೆಗ್. ಶೇ 8ರ 650 ಎಂ.ಎಲ್. ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ 52 ಎಂ.ಎಲ್.! ಸರಿಯಾಗಿ ನಾಲ್ಕು ಪೆಗ್. ‘ಇಲ್ಲ ಬಿಡಪ್ಪ, ಇವತ್ತು ಬರೀ ಬಿಯರ್’ ಎಂದು ಎರಡು ಬಾಟಲಿ ಮುಗಿಸಿ ಬೈಕ್ ಹತ್ತುವವನು ಎಂಟು ಪೆಗ್ ಏರಿಸಿದ್ದಾನೆ.

ಹಾಗಾದರೆ ಆಲ್ಕೋಹಾಲಿನ ಪ್ರಮಾಣಕ್ಕೂ ಈ ಹಣೆಪಟ್ಟಿಗೂ ಸಂಬಂಧವಿಲ್ಲ. ಪಟ್ಟಿ ಹಚ್ಚಿರುವುದು ಬಣ್ಣ ಮತ್ತು ಸಿಹಿ ನೋಡಿ. ಕಹಿ, ಒಗರು, ಗಂಟಲು ಸುಡುವುದು ಗಂಡಸಿನ ಪಾಲಿಗೆ. ಸಿಹಿ, ಹಣ್ಣಿನ ವಾಸನೆ, ಗುಲಾಬಿ ಬಣ್ಣ ಹೆಣ್ಣಿಗೆ. ನಮ್ಮೂರಿನ ಗಂಡಸರು ಜಾಮೂನಿನ ಪಾಕವನ್ನೂ ಬಿಡದೆ ಚಮಚದಲ್ಲಿ ಕೆರೆದು ಕುಡಿಯುವವರು. ಮಿರ್ಚಿಯ ಖಾರಕ್ಕೆ ಕಣ್ಣೀರು ಬಂದರೂ ಇನ್ನೊಂದು ಪ್ಲೇಟ್ ಹೇಳುವ ಹೆಂಗಸರು ಮಂಡಕ್ಕಿ ಅಂಗಡಿಯ ಎದುರು ಬೇಕಾದಷ್ಟು ಸಿಗುತ್ತಾರೆ. ನಾಲಿಗೆಗಿಲ್ಲದ ಭೇದ ಗ್ಲಾಸಿಗೆ ಬಂದದ್ದು ಸೋಜಿಗ.

ವೋಡ್ಕಾದ ಕತೆ ಇನ್ನೂ ಮಜಾ ಇದೆ. ರಷ್ಯಾದಲ್ಲಿ ಅದು ಗಂಡಸರಲ್ಲಿ ಗಂಡಸಿನ ಪಾನೀಯ. ನಮ್ಮಲ್ಲಿಗೆ ಬರುವಷ್ಟರಲ್ಲಿ ‘ಲೇಡೀಸ್ ತಗೊಳ್ಳೋದು’ ಆಗಿಬಿಟ್ಟಿದೆ. ಅದರಲ್ಲೂ ಅದೇ ಶೇ 42.8. ಯಾಕೆ ಹೀಗೆ ಅಂದರೆ, ‘ವಾಸನೆ ಬರಲ್ಲ’ ಎಂಬ ನಂಬಿಕೆ. ಹೆಣ್ಣುಮಗಳು ಹಾಸ್ಟೆಲಿಗೋ ಮನೆಗೋ ವಾಪಸು ಹೋಗಬೇಕು, ಬಾಗಿಲಲ್ಲಿ ಯಾರೋ ನಿಂತಿರುತ್ತಾರೆ. ಗಂಡ ರಮ್ಮಿನ ಘಾಟು ಹೊತ್ತು ಬಂದರೂ ಬಾಗಿಲು ತೆರೆಯುತ್ತದೆ, ತಟ್ಟೆಯಲ್ಲಿ ಅನ್ನ ಬೀಳುತ್ತದೆ. ಅಂದಮೇಲೆ ವೋಡ್ಕಾವನ್ನು ನಮ್ಮಲ್ಲಿ ಹೆಣ್ಣಾಗಿಸಿದ್ದು ರುಚಿಯಲ್ಲ, ಬಚ್ಚಿಡಬೇಕಾದ ಅಗತ್ಯ. ಜಿನ್‌ಗೂ ಇಂಥದೇ ಪುರಾಣವುಂಟು. 18ನೇ ಶತಮಾನದ ಲಂಡನ್ನಿನಲ್ಲಿ ಬಡವರ ಕೇರಿಗಳಲ್ಲಿ ಜಿನ್ ಹಾವಳಿ ಎದ್ದಾಗ, ವಿಲಿಯಂ ಹೊಗಾರ್ತ್ ಎಂಬ ಕಲಾವಿದ 1751ರಲ್ಲಿ ಒಂದು ಚಿತ್ರ ಮುದ್ರಿಸಿದ. ಅದರ ನಡುಮಧ್ಯೆ ಕುಡಿದ ತಾಯಿ, ಅವಳ ಕೈಜಾರಿ ಮೆಟ್ಟಿಲಿಂದ ಕೆಳಗೆ ಬೀಳುತ್ತಿರುವ ಮಗು. ಅದಕ್ಕೆ ಜೋಡಿಯಾಗಿ ಮಾಡಿದ ಬಿಯರ್ ಬೀದಿಯ ಚಿತ್ರದಲ್ಲಿ ಎಲ್ಲರೂ ದುಂಡುದುಂಡಗೆ, ಕೆಲಸ ಮುಗಿಸಿ ನಗುತ್ತಾ ಕೂತಿದ್ದಾರೆ. ಕೇರಿಯ ಹಾಳಿಗೆಲ್ಲ ಮುಖವಾಗಿ ನಿಲ್ಲಬೇಕಾದವಳು ತಾಯಿಯೇ.

ಈಗ ನಮ್ಮ ಬ್ರಾಂದಿ ಅಂಗಡಿಯ ಕಪಾಟು ನೋಡಿ. (ಬೋರ್ಡಿನ ಮೇಲೆ ‘ವೈನ್ಸ್’ ಅಂತಿರುತ್ತದೆ, ಒಳಗೆ ವೈನ್ ಹುಡುಕಬೇಕು.) ಆಫೀಸರ್ಸ್ ಚಾಯ್ಸ್, ಡೈರೆಕ್ಟರ್ಸ್ ಸ್ಪೆಷಲ್, ರಾಯಲ್ ಸ್ಟ್ಯಾಗ್, ರಾಯಲ್ ಚಾಲೆಂಜ್, ಬ್ಯಾಗ್‌ಪೈಪರ್, ಹರ್ಕ್ಯುಲಿಸ್, ನಾಕೌಟ್. ಅಧಿಕಾರಿ, ನಿರ್ದೇಶಕ, ರಾಜ, ಕೊಂಬಿನ ಗಂಡು ಜಿಂಕೆ, ಪಟ್ಟಿನ ಜಟ್ಟಿ, ಬಾಕ್ಸಿಂಗಿನ ಗುದ್ದು. 1954ರಿಂದ ಮಾರಾಟದಲ್ಲಿರುವ ಓಲ್ಡ್ ಮಾಂಕ್‌ಗಂತೂ ಸನ್ಯಾಸಿಯ ಹೆಸರು, ಅವನೂ ಗಂಡಸೇ. ದಿನಗೂಲಿಗೆ ಹೋಗಿ ಬಂದವನು 90 ಎಂ.ಎಲ್. ಟೆಟ್ರಾ ಪ್ಯಾಕಿನ ಮೂಲೆ ಕತ್ತರಿಸುವಾಗ ಕೈಯಲ್ಲಿರುವುದು ಆಫೀಸರನ ಆಯ್ಕೆ. ಮಾರುವುದು ಅಮಲನ್ನಷ್ಟೇ ಅಲ್ಲ, ಹಗಲೆಲ್ಲ ಸಿಗದ ಗತ್ತನ್ನು.

ಜಾಹೀರಾತಿನದೂ ಅದೇ ದಾರಿ. 2000ದಲ್ಲಿ ಕೇಬಲ್ ಟಿ.ವಿ. ನಿಯಮಗಳು ಮದ್ಯದ ಜಾಹೀರಾತನ್ನು ನಿಷೇಧಿಸಿದ ಮೇಲೆ ಕಂಪನಿಗಳು ಸೋಡಾ, ಮ್ಯೂಸಿಕ್ ಸಿ.ಡಿ.ಗಳ ಹೆಸರಲ್ಲಿ ಹಿಂಬಾಗಿಲಿಂದ ಬಂದವು. ಬಾಟಲಿ ತೋರಿಸುವಂತಿಲ್ಲ, ಕುಡಿ ಅನ್ನುವಂತಿಲ್ಲ; ಉಳಿದದ್ದು ಗಂಡಸುತನವೊಂದೇ. ‘ಮೆನ್ ವಿಲ್ ಬಿ ಮೆನ್’ ಎಂಬ ಇಂಪೀರಿಯಲ್ ಬ್ಲೂ ಸಾಲು ಯಾವ ಪಾನೀಯದ ಬಗ್ಗೆಯೂ ಏನೂ ಹೇಳುವುದಿಲ್ಲ, ಆದರೂ ಎಲ್ಲರಿಗೂ ಅರ್ಥವಾಗುತ್ತದೆ. ನಿಷೇಧದ ಕಾಯಿದೆಯೇ ಮದ್ಯವನ್ನು ಇನ್ನಷ್ಟು ಗಂಡಾಗಿಸಿತು ಅಂದರೆ ಅತಿಯಾಗಲಾರದು ಎಂಬುದು ನನ್ನ ಅನಿಸಿಕೆ. ಹೆಣ್ಣು ಅಲ್ಲಿಯೂ ಇದ್ದಳು, 2003ರಿಂದ ಬರುತ್ತಿದ್ದ ಕಿಂಗ್‌ಫಿಷರ್ ಕ್ಯಾಲೆಂಡರಿನಲ್ಲಿ, ಈಜುಡುಗೆಯಲ್ಲಿ. ನೋಡಲಿಕ್ಕೆ. ಅವಳನ್ನು ಗಿರಾಕಿಯಾಗಿ ಕಂಡಾಗಲೂ ಎಡವಟ್ಟೇ: 2018ರಲ್ಲಿ ಜಾನಿ ವಾಕರ್ ತನ್ನ ಬಾಟಲಿಯ ಮೇಲಿನ ನಡೆಯುವ ಗಂಡಸನ್ನು ತೆಗೆದು ‘ಜೇನ್ ವಾಕರ್’ ಎಂಬ ಹೆಂಗಸನ್ನು ನಿಲ್ಲಿಸಿದಾಗ, ವಿಸ್ಕಿ ಕುಡಿಯಲು ನಮಗೆ ಬೇರೆ ಲೇಬಲ್ ಯಾಕೆ ಎಂದು ನಕ್ಕವರಲ್ಲಿ ಹೆಂಗಸರೇ ಮುಂದಿದ್ದರು.

ಕಂಪನಿಗಳಿಗಿಂತ ಮೊದಲೇ ಈ ಕೆಲಸವನ್ನು ನಮ್ಮ ಕನ್ನಡ ಮಾಡಿಟ್ಟಿದೆ. ಮರ್ಯಾದಸ್ಥರ ಮನೆಯ ಗಂಡಸು ಕುಡಿಯುವುದಿಲ್ಲ, ‘ತಗೋತಾನೆ’. ‘ನಿಮ್ಮ ಅಳಿಯಂದ್ರು ತಗೋತಾರಾ?’ ‘ಹ್ಞೂಂ, ಯಾವಾಗಾದ್ರೂ ಒಮ್ಮೆ, ಫ್ರೆಂಡ್ಸ್ ಜೊತೆ.’ ಮಾತ್ರೆ ತಗೊಂಡ ಹಾಗೆ, ಪ್ರಸಾದ ತಗೊಂಡ ಹಾಗೆ. ಕ್ರಿಯಾಪದದಲ್ಲೇ ವಿನಯವಿದೆ. ಅದೇ ಕೆಲಸ ಹೆಣ್ಣುಮಗಳು ಮಾಡಿದರೆ ಒಂದೇ ಪದ: ‘ಕುಡೀತಾಳೆ’. ‘ಆಕಿ ಕುಡಿತಾಳಂತೆ’ ಎನ್ನುವಾಗ ದನಿ ತಗ್ಗುತ್ತದೆ, ಕೊನೆಯ ‘ಅಂತೆ’ ಒಂದು ಊರು ಸುತ್ತಿ ಬರುತ್ತದೆ. ಗಂಡಸಿಗಾದರೆ ಎಣ್ಣೆ ಪಾರ್ಟಿ, ಗುಂಡು ಪಾರ್ಟಿ, ನೈಂಟಿ, ಕಟಿಂಗ್ ಅಂತ ಒಂದು ನಿಘಂಟೇ ಇದೆ. ‘ಕುಡುಕ’ ಎಂಬುದು ಬೈಗುಳವೇ ಆದರೂ ಅದರಲ್ಲಿ ನಗು, ಕನಿಕರ, ಸಿನಿಮಾ ಹಾಡು ಎಲ್ಲಕ್ಕೂ ಜಾಗವುಂಟು. ‘ಕುಡುಕಿ’ ಎಂದರೆ ಹಾಡು ನಿಲ್ಲುತ್ತದೆ. ಹೆಣ್ಣು ನೋಡಲು ಬಂದವರ ಮನೆಗೆ ತಿರುಗಿ ವಿಚಾರಣೆಗೆ ಹೋಗುವ ಮಾವಂದಿರು ‘ಹುಡುಗ ತಗೋತಾನಾ’ ಎಂದು ಬೀದಿ ಕೊನೆಯ ಬೀಡಾ ಅಂಗಡಿಯಲ್ಲಿ ಕೇಳಿಬರುತ್ತಾರೆ. ಹುಡುಗಿಯ ಬಗ್ಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿದರೇ ಅವಮಾನ.

ಇಷ್ಟಾದ ಮೇಲೆ ‘ನಮ್ಮ ಸಂಸ್ಕೃತಿ’ ಎಂಬ ಮಾತು ಬಂದೇ ಬರುತ್ತದೆ. ಕಾಳಿದಾಸನ ಮಾಲವಿಕಾಗ್ನಿಮಿತ್ರದ ಮೂರನೇ ಅಂಕದಲ್ಲಿ ರಾಣಿ ಇರಾವತಿ ಅಮಲೇರಿಸಿಕೊಂಡೇ ರಂಗಕ್ಕೆ ಬರುತ್ತಾಳೆ. ಮದವು ಹೆಂಗಸರಿಗೆ ವಿಶೇಷ ಅಲಂಕಾರ ಅಂತಾರಲ್ಲ, ನಿಜವೇನೇ ಎಂದು ದಾಸಿಯನ್ನು ಕೇಳುತ್ತಾಳೆ. ಅಂದಿನ ರಸಿಕರಿಗೆ ಅದು ಹಗರಣವಲ್ಲ, ಲೋಕದ ಗಾದೆ. ಇನ್ನೂ ಹಿಂದಕ್ಕೆ, ಬ್ಯಾಬಿಲೋನಿನ ಹಮ್ಮುರಾಬಿಯ ಕಟ್ಟಳೆಗಳಲ್ಲಿ ಮದ್ಯದಂಗಡಿಯವಳು ಬರುತ್ತಾಳೆ, ಅಳತೆಯಲ್ಲಿ ಮೋಸ ಮಾಡಿದರೆ ಅವಳಿಗೆ ಶಿಕ್ಷೆ. ಅಂಗಡಿಯವನಲ್ಲ, ಅಂಗಡಿಯವಳು. ಮಧ್ಯಯುಗದ ಇಂಗ್ಲೆಂಡಿನಲ್ಲೂ ಬಿಯರ್ ಭಟ್ಟಿ ಹೆಚ್ಚಾಗಿ ಹೆಂಗಸರ ಮನೆಗೆಲಸವಾಗಿತ್ತು; ಲಾಭ ದೊಡ್ಡದಾಗಿ, ಬಂಡವಾಳ ಬೇಕಾದಾಗ ಅದು ಗಂಡಸರ ಉದ್ಯಮವಾಯಿತು.

ಅಷ್ಟು ದೂರ ಯಾಕೆ. ಚಿತ್ರದುರ್ಗ ಸೀಮೆಯ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರ ಸಂಪ್ರದಾಯದಲ್ಲಿ ಹೆಂಡ ನಿಷಿದ್ಧ. ಆ ಕಟ್ಟು ಎಷ್ಟು ಬಿಗಿಯೆಂದರೆ ಹೆಂಡ ಕೊಡುವ ಈಚಲು ಮರವನ್ನೇ ದೂರ ಇಟ್ಟವರು. ಇಂದು ಎಲ್ಲರೂ ಪಾಲಿಸುತ್ತಾರೆಂದಲ್ಲ. ಆದರೆ ಕಟ್ಟಳೆಯ ರೀತಿ ಗಮನಿಸಿ: ಅದು ಕುಲಕ್ಕೆ ಹಾಕಿದ್ದು, ಹೆಣ್ಣಿಗೆ ಮಾತ್ರ ಹಾಕಿದ್ದಲ್ಲ. ಅದೇ ಬಯಲಿನ ಇತರ ಕೇರಿಗಳಲ್ಲಿ, 2007ರ ಜುಲೈ 1ರಂದು ಸಾರಾಯಿ ನಿಷೇಧವಾಗುವವರೆಗೆ, ಶೇಂಗಾ ಹೊಲದಲ್ಲಿ ಬಗ್ಗಿ ದುಡಿದ ಮುದುಕಿಯರು ಸಂಜೆ ಸೆರಗಿನ ಗಂಟು ಬಿಚ್ಚಿ ಪ್ಯಾಕೆಟ್ ಕೊಳ್ಳುತ್ತಿದ್ದದ್ದನ್ನು ನಾನು ಹುಡುಗನಾಗಿದ್ದಾಗ ಕಂಡಿದ್ದೇನೆ. ಯಾರೂ ಅವರನ್ನು ಸಂಸ್ಕೃತಿ ಕೆಡಿಸಿದವರು ಅನ್ನಲಿಲ್ಲ. ‘ಮೈಕೈ ನೋವು ಕಣಪ್ಪ’ ಅಂದರೆ ಮುಗಿಯಿತು. ನಮ್ಮಜ್ಜಿಯಂತೂ ಮದ್ಯದಂಗಡಿಯ ದಿಕ್ಕಿಗೂ ತಿರುಗದವಳು, ಬಾಣಂತಿ ಕೋಣೆಯ ಮಾಡದಲ್ಲಿ ಮಾತ್ರ ಶುಂಠಿ, ಮೆಣಸಿನ ಡಬ್ಬಿಗಳ ಹಿಂದೆ ಒಂದು ಬ್ರಾಂದಿ ಕ್ವಾರ್ಟರ್ ಇಟ್ಟಿರುತ್ತಿದ್ದಳು. ಸೊಸೆಗೆ ಎರಡು ಚಮಚ, ‘ಶೀತ ಆಗಬಾರದು’ ಅಂತ. (ಆಲ್ಕೋಹಾಲ್ ಎದೆಹಾಲಿಗೂ ಸೇರುತ್ತದೆ, ಅಜ್ಜಿಯ ವೈದ್ಯವನ್ನು ಯಾರೂ ಅನುಸರಿಸಬೇಡಿ.) ಹೆಣ್ಣು ನೋವಿಗೆ ಕುಡಿಯಬಹುದು, ಮದ್ದಾಗಿ ಕುಡಿಯಬಹುದು, ಹಿರಿಯರು ಬಾಯಿಗೆ ಹಾಕಿದರೆ ಕುಡಿಯಬಹುದು. ತನ್ನ ದುಡ್ಡಿನಲ್ಲಿ, ತನಗೆ ಬೇಕೆನಿಸಿದಾಗ, ಖುಷಿಗೆ ಕುಡಿದಾಗಲೇ ಸಂಸ್ಕೃತಿ ನೆನಪಾಗುವುದು.

2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಎಳೆದಾಡಿ ಹೊಡೆದದ್ದೂ ಇದೇ ಕಾರಣಕ್ಕೆ. ಅದೇ ಪಬ್ಬಿನಲ್ಲಿ ಕುಡಿಯುತ್ತಿದ್ದ ಗಂಡಸರಿಂದ ಯಾವ ಸಂಸ್ಕೃತಿಗೂ ಧಕ್ಕೆ ಬಂದಿರಲಿಲ್ಲ. 2018ರಲ್ಲಿ ಆರೋಪಿಗಳು ಸಾಕ್ಷ್ಯದ ಕೊರತೆಯಿಂದ ಖುಲಾಸೆಯಾದರು.

ಕಾನೂನಿನ ಕಡೆಯಿಂದ ಒಂದು ತೀರ್ಪನ್ನು ಹೇಳಲೇಬೇಕು. ಪಂಜಾಬ್ ಅಬಕಾರಿ ಕಾಯಿದೆ 1914ರದು. ಅದರ 30ನೇ ಸೆಕ್ಷನ್ ಪ್ರಕಾರ ಮದ್ಯ ಕುಡಿಯುವ ಜಾಗದಲ್ಲಿ 25 ವರ್ಷದೊಳಗಿನ ಗಂಡಸನ್ನಾಗಲಿ, ಯಾವ ವಯಸ್ಸಿನ ಹೆಂಗಸನ್ನಾಗಲಿ ಕೆಲಸಕ್ಕಿಟ್ಟುಕೊಳ್ಳುವಂತಿರಲಿಲ್ಲ. ಗಂಡಸು 25 ತುಂಬಿದರೆ ಬೆಳೆಯುತ್ತಾನೆ, ಹೆಣ್ಣು ಎಂದೂ ಬೆಳೆಯುವುದಿಲ್ಲ ಎಂಬ ಲೆಕ್ಕ. 2007ರ ಡಿಸೆಂಬರಿನಲ್ಲಿ ಅನುಜ್ ಗರ್ಗ್ ಪ್ರಕರಣದಲ್ಲಿ, ಹೆಂಗಸರ ಮೇಲಿನ ಈ ನಿರ್ಬಂಧವನ್ನು ಹೈಕೋರ್ಟ್ ರದ್ದು ಮಾಡಿದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹೆಣ್ಣಿನ ಸುರಕ್ಷತೆಯ ಹೆಸರಲ್ಲಿ ಅವಳ ಕೆಲಸ ಕಿತ್ತುಕೊಳ್ಳುವುದು ರಕ್ಷಣೆಯಲ್ಲ, ಸುರಕ್ಷತೆ ಒದಗಿಸುವುದು ಸರ್ಕಾರದ ಹೊಣೆ ಎಂಬುದು ತೀರ್ಪಿನ ತಿರುಳು. ಪಕ್ಕದ ಶ್ರೀಲಂಕಾದಲ್ಲಿ ಹೆಂಗಸರಿಗೆ ಮದ್ಯ ಮಾರಬಾರದೆಂಬ 1979ರ ನಿಯಮವನ್ನು 2018ರ ಜನವರಿಯಲ್ಲಿ ತೆಗೆದರು, ಅಧ್ಯಕ್ಷರು ಕೆಲವೇ ದಿನಗಳಲ್ಲಿ ಮತ್ತೆ ಹಾಕಿಸಿದರು.

ಇಲ್ಲಿ ಒಂದು ತಕರಾರು ಎದ್ದೇಳುತ್ತದೆ, ಅದು ನ್ಯಾಯವಾದ ತಕರಾರು. ಹೆಣ್ಣಿನ ಬ್ರೀಜರ್ ಯಾರಿಗೆ ಬೇಕು, ಹೆಣ್ಣಿಗೆ ಮದ್ಯ ಅಂದರೆ ಗಂಡನ ಹೊಡೆತ, ಅಡವಿಟ್ಟ ಓಲೆ, ಖಾಲಿ ಡಬ್ಬಿ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಂಗಸರು ಇದೇ ಚಿತ್ರದುರ್ಗದಿಂದ ಬೆಂಗಳೂರಿಗೆ ಹೆದ್ದಾರಿಯ ಡಾಂಬರಿನ ಮೇಲೆ ನಡೆದುಹೋದರು, ಹತ್ತು ದಿನಕ್ಕೂ ಮಿಕ್ಕಿ. ಅವರ ಸಿಟ್ಟನ್ನು ‘ಸ್ಟೀರಿಯೋಟೈಪ್’ ಎಂದು ತಳ್ಳಿಹಾಕುವ ಧೈರ್ಯ ನನಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ವರ್ಷ ಮೇಲ್ಪಟ್ಟವರಲ್ಲಿ ಕುಡಿಯುವ ಗಂಡಸರು ಶೇ 18.8, ಹೆಂಗಸರು ಶೇ 1.3. ಹಾನಿ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಆದರೆ ಅದೇ ಸಮೀಕ್ಷೆಯಲ್ಲಿ ಅರುಣಾಚಲದ ಹೆಂಗಸರು ಶೇ 24, ಪಕ್ಕದ ತೆಲಂಗಾಣದವರು ಶೇ 6.7. ಹೆಣ್ಣಿನ ಹುಟ್ಟುಗುಣವೇ ಮದ್ಯದಿಂದ ದೂರವಿರುವುದಾದರೆ ರಾಜ್ಯದಿಂದ ರಾಜ್ಯಕ್ಕೆ ಇಷ್ಟು ಬದಲಾಗಬಾರದಿತ್ತು.

ಪಾದಯಾತ್ರೆಯ ಹೆಂಗಸರ ನೋವನ್ನು ರಾಜಕಾರಣ ಹೇಗೆ ಓದಿಕೊಂಡಿದೆ ಎಂಬುದಕ್ಕೆ 2025ರ ಮಾರ್ಚಿನ ವಿಧಾನಸಭೆ ನೋಡಬೇಕು. ಹೆಂಗಸರಿಗೆ ತಿಂಗಳಿಗೆ 2,000 ರೂಪಾಯಿ, ಉಚಿತ ಬಸ್ಸು ಕೊಡುತ್ತೀರಿ, ಗಂಡಸರಿಗೂ ವಾರಕ್ಕೆ ಎರಡು ಬಾಟಲಿ ಉಚಿತವಾಗಿ ಕೊಡಿ ಎಂದರು ತುರುವೇಕೆರೆ ಶಾಸಕ ಎಂ.ಟಿ. ಕೃಷ್ಣಪ್ಪ. ಸಚಿವ ಕೆ.ಜೆ. ಜಾರ್ಜ್, ನೀವು ಗೆದ್ದು ಸರ್ಕಾರ ಮಾಡಿ ಕೊಡಿ ಎಂಬರ್ಥದ ಉತ್ತರ ಕೊಟ್ಟರು. ಹೆಣ್ಣಿಗೆ ಮನೆ ಖರ್ಚು, ಗಂಡಿಗೆ ಬಾಟಲಿ ಎಂಬ ಹಂಚಿಕೆ ಸದನದಲ್ಲಿ ಎಷ್ಟು ಸಲೀಸಾಗಿ ಬಂತು ನೋಡಿ! ಸರ್ಕಾರವೇ 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡದ್ದು. ‘ಗಂಡನ ಜೇಬಿಂದ ಕಿತ್ತು ಹೆಂಡ್ತಿ ಖಾತೆಗೆ ಹಾಕ್ತಾರೆ’ ಎಂಬ ಜೋಕು ಹಗೇದಿಬ್ಬದ ಚಹಾ ಅಂಗಡಿಯಿಂದ ಹಿಡಿದು ಎಲ್ಲ ಕಡೆ ಹಳಸಿಹೋಗಿದೆ.

ಗಂಡು-ಹೆಣ್ಣಿನ ಭೇದ ನಿಜವಾಗಿ ಇರುವುದು ಬೇರೆ ಕಡೆ, ಅದನ್ನು ಯಾವ ಲೇಬಲ್ಲೂ ಹೇಳುವುದಿಲ್ಲ. ಹೆಣ್ಣಿನ ದೇಹದಲ್ಲಿ ಸಾಮಾನ್ಯವಾಗಿ ನೀರಿನಂಶ ಕಡಿಮೆ, ಜಠರದಲ್ಲಿ ಆಲ್ಕೋಹಾಲ್ ಒಡೆಯುವ ಕಿಣ್ವವೂ ಕಡಿಮೆ. ಅಷ್ಟೇ ತೂಕದ ಗಂಡಸು ಕುಡಿದಷ್ಟೇ ಕುಡಿದರೂ ಅವಳ ರಕ್ತದಲ್ಲಿ ಪ್ರಮಾಣ ಹೆಚ್ಚು ಏರುತ್ತದೆ, ಯಕೃತ್ತಿಗೆ ಪೆಟ್ಟು ಬೇಗ. ಸ್ತನ ಕ್ಯಾನ್ಸರಿನ ಕಾರಣಗಳ ಪಟ್ಟಿಯಲ್ಲೂ ಆಲ್ಕೋಹಾಲ್ ಇದೆ. ಇಷ್ಟರವರೆಗೆ ಕುಡಿದರೆ ಸುರಕ್ಷಿತ ಎನ್ನುವಂಥ ಮಿತಿಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದು ಗಂಡಸಿಗೂ ಅನ್ವಯ. ತಿಳಿದಿರಬೇಕಾದವಳಿಗೆ ನಾವು ಕೊಟ್ಟಿರುವ ಮಾಹಿತಿ ಮಾತ್ರ ‘ಇದು ಲೈಟು, ಲೇಡೀಸ್ ಡ್ರಿಂಕು, ಏನೂ ಆಗಲ್ಲ’. ಸಿಹಿಯಲ್ಲಿ ಅಡಗಿದ 13.2 ಎಂ.ಎಲ್. ಲೆಕ್ಕಕ್ಕೆ ಸಿಗದೆ ಮೂರು ಬಾಟಲಿ ಇಳಿಯುತ್ತದೆ. ಗಂಡಸಿನ ಕಡೆ ಇದರ ತಲೆಕೆಳಗು. ಸೋಡಾ ಬೆರೆಸಿದರೆ ಹೆಣ್ಣಿಗ, ಸಾಕು ಅಂದರೆ ‘ಬಳೆ ತೊಟ್ಕೊಳ್ಳಲೇ’. ‘ರಾ’ ಹೊಡೆಯುವುದು ಒಂದು ಪರೀಕ್ಷೆ. ಕಾಲೇಜಿನ ಮೊದಲ ವರ್ಷದ ಹುಡುಗರು ಕುಂದವಾಡ ಕೆರೆ ದಂಡೆಯ ಕತ್ತಲಲ್ಲಿ ಬರೆಯುವ ಮೊದಲ ಪರೀಕ್ಷೆ ಬಹುಶಃ ಅದೇ. ವಾಂತಿ ಮಾಡಿಕೊಂಡವನಿಗೆ ಅಡ್ಡಹೆಸರು ನಾಲ್ಕು ವರ್ಷ.

ಮೊನ್ನೆ ಶನಿವಾರ ಸಂಜೆ ಎಂಎಸ್‌ಐಎಲ್‌ನ ಸರ್ಕಾರಿ ಮದ್ಯದ ಮಳಿಗೆಯೊಂದರ ಎದುರು ಗೆಳೆಯನಿಗಾಗಿ ಕಾಯುತ್ತಾ ಅರ್ಧ ಗಂಟೆ ನಿಂತಿದ್ದೆ. ಕಸ ಗುಡಿಸುವ ಕೆಲಸದ ಅಮ್ಮನೊಬ್ಬರು ಬಂದರು, ಎಲೆಯಡಿಕೆ ಚೀಲದಿಂದ ನೋಟು ತೆಗೆದು ಕಬ್ಬಿಣದ ಜಾಲರಿಯ ಕಂಡಿಯಲ್ಲಿ ತಳ್ಳಿದರು. ಕೌಂಟರಿನವನು ತಲೆಯೆತ್ತದೆ ಟೆಟ್ರಾ ಪ್ಯಾಕ್ ಕೊಟ್ಟ, ಅದು ಟಿಫನ್ ಬುಟ್ಟಿಯಲ್ಲಿ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಸ್ಕೂಟಿಯಲ್ಲಿ ಬಂದ, ಮೂವತ್ತರ ಆಸುಪಾಸಿನ, ಕೊರಳಲ್ಲಿ ಐ.ಡಿ. ಕಾರ್ಡು ಇದ್ದ ಹೆಣ್ಣುಮಗಳು ಎರಡು ಬಿಯರ್ ಕೇಳಿದಾಗ ಸಾಲಿನಲ್ಲಿದ್ದ ಅಷ್ಟೂ ಮುಖ ತಿರುಗಿದವು. ‘ಎಷ್ಟು ಬೇಕಕ್ಕ, ಯಾವುದಕ್ಕ’ ಎಂದು ಕೌಂಟರಿನವನು ಬೇಕಾದ್ದಕ್ಕಿಂತ ಹೆಚ್ಚು ವಿನಯದಿಂದ ಎರಡು ಸಲ ಕೇಳಿದ, ಕಪ್ಪು ಕವರಿನ ಮೇಲೆ ಇನ್ನೊಂದು ಕಪ್ಪು ಕವರ್ ಹಾಕಿಕೊಟ್ಟ. ಅವರ ಹಿಂದೆ ಇದ್ದವನು ಜಿಮ್ಮಿನಲ್ಲಿ ಹುರಿಗೊಂಡ ತೋಳಿನ ಹುಡುಗ. ನಾಲ್ಕು ಗುಲಾಬಿ ಬಾಟಲಿ ತಗೊಂಡ. ಚಿಲ್ಲರೆ ಎಣಿಸುತ್ತಾ, ಯಾರೂ ಕೇಳದಿದ್ದರೂ, ಕಂಡಿಯ ಕಡೆ ಬಗ್ಗಿ ಹೇಳಿದ:

‘ನಂಗಲ್ಲಣ್ಣ, ಮನೇವ್ರಿಗೆ.’